ಇಂಡೋನೇಷ್ಯಾದ ರನ್ ದ್ವೀಪದ ಹಳ್ಳಿಯಲ್ಲಿ ಬದುಕು ಹೇಗಿದೆ, ಮುಂದೆ ಹೇಗಿರಬಹುದು?

ಮ್ಯಾನ್‌ಹ್ಯಾಟನ್‌ಗೆ ಬದಲಾಗಿ ಡಚ್ಚರು ಪಡೆದುಕೊಂಡರೆಂದು ಹೇಳಲಾಗುವ ರನ್ ದ್ವೀಪದಲ್ಲಿ ಇಂದು ಜನ ಹೇಗೆ ಬದುಕುತ್ತಿದ್ದಾರೆ, ಆ ಹಳ್ಳಿಗೆ ಭವಿಷ್ಯವಿದೆಯೇ, ಹೊರಗಿನವರು ಹೋಗಿ ಅಲ್ಲೊಂದು ಹೋಂಸ್ಟೇ ಕಟ್ಟಿಕೊಂಡು ನೆಲೆಸಬಹುದೇ ಎಂದು ತಾವು ಕೇಳಿದ್ದೀರಿ. ನಾನು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯವನು. ಸಂಬಾರ ಪದಾರ್ಥಗಳ ಗುಣಮಟ್ಟ ನೋಡುವ ಕೆಲಸದ ಮೇಲೆ ಕೆಲವು ವರ್ಷ ಜಾವಾದ ಬಂದರು ನಗರ ಸುರಬಾಯಾದಲ್ಲಿದ್ದೆ. ಆ ನಿಮಿತ್ತವಾಗಿ ರನ್ ಸೇರಿರುವ ಬಾಂಡಾ ದ್ವೀಪಗಳಿಗೆ ಹೋಗಿ ಬಂದಿದ್ದೇನೆ. ಆದ್ದರಿಂದ ನನ್ನ ಉತ್ತರ ಜಾಯಿಕಾಯಿಯ ಕಡೆಗೆ ಸ್ವಲ್ಪ ವಾಲಿದರೆ ಕ್ಷಮೆಯಿರಲಿ. ಚುಟುಕಾಗಿ ಹೇಳುವುದಾದರೆ, ರನ್‌ನಲ್ಲಿ ಹೊಟ್ಟೆಗಿಲ್ಲದ ಬಡತನವನ್ನು ನಾನು ಕಾಣಲಿಲ್ಲ, ಬೆಳೆಯೂ ಮೀನೂ ಇವೆ. ಆದರೆ ಎರಡಕ್ಕೂ ಬೆಲೆ ಕಟ್ಟುವವರು ಕಡಲಾಚೆ ಇದ್ದಾರೆ, ಆ ಕಡಲು ವರ್ಷದಲ್ಲಿ ಹಲವು ತಿಂಗಳು ದಾರಿ ಬಿಡುವುದಿಲ್ಲ.

ಮೊದಲು ಆ ಪ್ರಸಿದ್ಧ ಕಥೆಯನ್ನು ಮುಗಿಸಿಬಿಡುತ್ತೇನೆ. ಬಾಂಡಾದ ಜಾಯಿಕಾಯಿಗಾಗಿ ಇಂಗ್ಲಿಷರೂ ಡಚ್ಚರೂ ಪೈಪೋಟಿಗಿಳಿದಿದ್ದ ಕಾಲ ಅದು. 1616ರ ಡಿಸೆಂಬರಿನಲ್ಲಿ ನಥಾನಿಯಲ್ ಕೋರ್ಟ್‌ಹೋಪ್ ಎಂಬ ಇಂಗ್ಲಿಷ್ ಹಡಗಿನ ನಾಯಕ ರನ್‌ಗೆ ಬಂದಿಳಿದು, 1620ರಲ್ಲಿ ಡಚ್ಚರ ಕೈಯಲ್ಲಿ ಸಾಯುವವರೆಗೂ ಅದನ್ನು ಹಿಡಿದುಕೊಂಡಿದ್ದನು. ಮರುವರ್ಷ, ಅಂದರೆ 1621ರಲ್ಲಿ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಬಾಂಡಾ ದ್ವೀಪಗಳ ಮೂಲನಿವಾಸಿಗಳನ್ನು ಕೊಲ್ಲಿಸಿ, ಸೆರೆಹಿಡಿದು ಸಾಗಿಸಿ, ಸುಮಾರು ಹದಿನೈದು ಸಾವಿರವಿದ್ದ ಜನಸಂಖ್ಯೆಯನ್ನು ಸಾವಿರದ ಆಸುಪಾಸಿಗೆ ಇಳಿಸಿದನು. ಬಳಿಕ ತೋಟಗಳನ್ನು ಡಚ್ ಗುತ್ತಿಗೆದಾರರಿಗೆ ಹಂಚಿ, ಗುಲಾಮರನ್ನು ತಂದು ದುಡಿಸಲಾಯಿತು. ಇಂಗ್ಲಿಷರಿಗೆ ಉಪಯೋಗವಾಗಬಾರದೆಂದು ರನ್‌ನ ಜಾಯಿಕಾಯಿ ಮರಗಳನ್ನೇ ಡಚ್ಚರು ಕಡಿದು ಹಾಕಿದ್ದರು. 1667ರ ಬ್ರೆಡಾ ಒಪ್ಪಂದದಲ್ಲಿ ಯಾರ ಕೈಯಲ್ಲಿ ಏನಿತ್ತೋ ಅದು ಅವರಿಗೇ ಉಳಿಯಿತು: 1664ರಲ್ಲಿ ವಶಪಡಿಸಿಕೊಂಡ, ಮ್ಯಾನ್‌ಹ್ಯಾಟನ್‌ನಲ್ಲಿದ್ದ ನ್ಯೂ ಆಮ್‌ಸ್ಟರ್‌ಡ್ಯಾಮ್ ಇಂಗ್ಲಿಷರಿಗೆ, ರನ್ ಮತ್ತು ಸುರಿನಾಮ್ ಡಚ್ಚರಿಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡ ವ್ಯಾಪಾರ ಅದಾಗಿರಲಿಲ್ಲ. ಪ್ರವಾಸಿಗರು ಈ ಕಥೆಯನ್ನು ಹೇಳಿ ‘ಅಯ್ಯೋ, ಎಂಥ ನಷ್ಟ’ ಎಂದು ನಗುವುದು ನನಗೆ ಅಷ್ಟಾಗಿ ರುಚಿಸುವುದಿಲ್ಲ, ಏಕೆಂದರೆ ಆ ಒಪ್ಪಂದದಲ್ಲಿ ಈ ದ್ವೀಪದವರನ್ನು ಯಾರೂ ಕೇಳಿರಲಿಲ್ಲ. ಈಗ ಅಲ್ಲಿರುವವರಲ್ಲಿ ಬಹುಪಾಲು ಮುಸ್ಲಿಮರು. ಆಗ್ನೇಯ ಸುಲಾವೆಸಿಯ ಬುಟೋನ್ ಕಡೆಯಿಂದ ಬಂದು ನೆಲೆಸಿದ ಮನೆತನಗಳೂ ಬಹಳ.

ದ್ವೀಪ ಮೂರು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರಿಗಿಂತ ಕಡಿಮೆ ಅಗಲ. ಆಡಳಿತದ ಲೆಕ್ಕದಲ್ಲಿ ಅದು ಮಲುಕು ಪ್ರಾಂತ್ಯದ ಮಧ್ಯ ಮಲುಕು ಜಿಲ್ಲೆಗೆ ಸೇರಿದೆ. ದೋಣಿ ಕಟ್ಟೆಯಿಂದ ಗುಡ್ಡದ ಮೇಲಕ್ಕೆ ಮೆಟ್ಟಿಲುಗಳು, ಅವುಗಳ ಅಕ್ಕಪಕ್ಕ ತಗಡಿನ ಮಾಡಿನ ಮನೆಗಳು, ಮಸೀದಿ, ಶಾಲೆ, ಅವುಗಳ ಹಿಂದೆ ತೋಟ. ತೋಟವೆಂದರೆ ನಮ್ಮ ಕಡೆಯಂತೆ ಸಾಲು ಹಿಡಿದು ನೆಟ್ಟದ್ದಲ್ಲ. ಬಾದಾಮಿಯಂಥ ಬೀಜ ಬಿಡುವ, ಮುಗಿಲೆತ್ತರದ ಕನಾರಿ ಮರಗಳ ನೆರಳಿನಲ್ಲಿ ಜಾಯಿಕಾಯಿ ಮರಗಳು ತಮ್ಮಷ್ಟಕ್ಕೆ ತಾವು ಹರಡಿಕೊಂಡಿರುತ್ತವೆ. ದೊಡ್ಡ ಪಾರಿವಾಳಗಳು ಕಾಯಿ ನುಂಗಿ ಬೀಜ ಬಿಸಾಡಿದಲ್ಲೆಲ್ಲ ಸಸಿ ಏಳುತ್ತದೆ. ಸಿದ್ದಾಪುರದ ಕತ್ತಲೆಕಾನಿನಲ್ಲಿ ರಾಮಪತ್ರೆಯ ಬೀಜವನ್ನು ಮಂಗಟ್ಟೆ ಹಕ್ಕಿ ಹರಡುವುದನ್ನು ನೋಡಿದವರಿಗೆ ಆ ತೋಟ ಒಂದೇ ನೋಟಕ್ಕೆ ಅರ್ಥವಾಗುತ್ತದೆ. ಜಾಯಿಕಾಯಿ, ರಾಮಪತ್ರೆ ಎರಡೂ ಒಂದೇ ಕುಲದ ಮರಗಳು.

ಬೀಜದಿಂದ ಎದ್ದ ಜಾಯಿಕಾಯಿ ಸಸಿ ಫಲ ಕೊಡಲು ಏಳೆಂಟು ವರ್ಷ ಬೇಕು. ಅದು ಗಂಡೋ ಹೆಣ್ಣೋ ಎನ್ನುವುದು ಹೂ ಬಿಡುವವರೆಗೂ ತಿಳಿಯುವುದಿಲ್ಲ. ಒಮ್ಮೆ ಹಿಡಿದ ಮೇಲೆ ಮರ ವರ್ಷವಿಡೀ ಅಷ್ಟಿಷ್ಟು ಕೊಡುತ್ತಲೇ ಇರುತ್ತದೆ, ಹೀಗಾಗಿ ಅದು ಮನೆಗೆ ಸಂಬಳದಂತೆ ಒದಗುತ್ತದೆ. ತುದಿಯಲ್ಲಿ ಸಣ್ಣ ಬಿದಿರಿನ ಬುಟ್ಟಿ ಕಟ್ಟಿದ ದೋಟಿಯಿಂದ ಬಾಯಿಬಿಟ್ಟ ಕಾಯನ್ನಷ್ಟೇ ಕೊಯ್ಯುವುದು ಹಳೆಯ ಕ್ರಮ. ಸಿಪ್ಪೆಯ ತಿರುಳನ್ನು ಸಕ್ಕರೆಯಲ್ಲಿ ಹಾಕಿ ಮಿಠಾಯಿ, ಜಾಮ್, ಶರಬತ್ತು ಮಾಡುತ್ತಾರೆ. ಬೀಜಕ್ಕೆ ಸುತ್ತಿಕೊಂಡಿರುವ ಕೆಂಪು ಜಾಪತ್ರೆಯನ್ನು ಬಿಡಿಸಿ ಬಿಸಿಲಿಗೆ ಹಾಕುತ್ತಾರೆ. ಬೀಜವನ್ನು ಓಡಿನ ಸಮೇತ ಅಟ್ಟದ ಮೇಲೆ ಹರಡಿ, ಕೆಳಗೆ ಸಣ್ಣ ಬೆಂಕಿಯ ಹೊಗೆ ಕೊಟ್ಟು, ಅಲ್ಲಾಡಿಸಿದರೆ ಒಳಗೆ ಗಡಗಡ ಸದ್ದು ಬರುವವರೆಗೆ ವಾರಗಟ್ಟಲೆ ಒಣಗಿಸುತ್ತಾರೆ. ಹೀಗೆ ಒಣಗಿದ ಬಾಂಡಾ ಜಾಯಿಕಾಯಿಯ ಪರಿಮಳ ಸುರಬಾಯಾದ ಗೋದಾಮಿನಲ್ಲಿ ಕಣ್ಣು ಮುಚ್ಚಿಕೊಂಡೇ ಗೊತ್ತಾಗುತ್ತಿತ್ತು.

ತೊಡಕು ಇರುವುದು ಇಲ್ಲಿಂದ ಮುಂದೆ. ಮನೆಯಲ್ಲಿ ಮದುವೆಯೋ ಮಕ್ಕಳ ಶಾಲೆಯ ಶುಲ್ಕವೋ ಬಂದಾಗ ಕಾಯಿ ಬಾಯಿಬಿಡುವ ತನಕ ಕಾಯಲು ಆಗುವುದಿಲ್ಲ. ಎಳೆಯದನ್ನೇ ಕೊಯ್ದು ಮಾರುತ್ತಾರೆ. ಎಳೆ ಬೀಜದಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಭಟ್ಟಿ ಇಳಿಸುವವರು ಅದನ್ನು ಕೊಳ್ಳುತ್ತಾರೆ, ಆದರೆ ಅದು ಎಂದಿಗೂ ಮೊದಲ ದರ್ಜೆಯ ಮಾಲಾಗುವುದಿಲ್ಲ. ಮಳೆ ಬಿಡದ ವಾರಗಳಲ್ಲಿ ಅರೆಬರೆ ಒಣಗಿದ್ದಕ್ಕೆ ಬೂಸ್ಟು ಹಿಡಿಯುತ್ತದೆ, ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇಂಡೋನೇಷ್ಯಾದಿಂದ ಹೋಗುವ ಜಾಯಿಕಾಯಿಯನ್ನು ಐರೋಪ್ಯ ಒಕ್ಕೂಟ ಈ ವಿಷದ ಸಲುವಾಗಿಯೇ ಹೆಚ್ಚಿನ ತಪಾಸಣೆಗೆ ಒಳಪಡಿಸಿದೆ. ಬಂದರಿನಲ್ಲಿ ಒಂದು ಸರಕು ತಿರಸ್ಕೃತವಾದರೆ ಆ ನಷ್ಟ ರಫ್ತುದಾರನಿಂದ ಮಂಡಿಗೆ, ಮಂಡಿಯಿಂದ ಊರೂರು ಸುತ್ತಿ ಸಂಗ್ರಹಿಸುವವನಿಗೆ ಇಳಿದು, ಕೊನೆಗೆ ಬೆಳೆಗಾರನ ಕಿಲೋ ಬೆಲೆಯಲ್ಲಿ ಬಂದು ಕೂರುತ್ತದೆ.

ಚೆನ್ನಾಗಿ ಒಣಗಿಸಿ ಎಂದು ಹೇಳುವುದು ಸುಲಭ. ಅಧಿಕಾರಿಗಳೂ ನನ್ನಂಥವರೂ ಹೇಳಿದ್ದೇವೆ. ಆದರೆ ನಾನು ನೋಡಿದ ಮಟ್ಟಿಗೆ ಮೂರು ವಾರ ಹೊಗೆಯಲ್ಲಿಟ್ಟವನಿಗೂ ಒಂದು ವಾರಕ್ಕೆ ಇಳಿಸಿದವನಿಗೂ ದ್ವೀಪದಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆ ಸಿಗುತ್ತಿತ್ತು, ಏಕೆಂದರೆ ಕೊಳ್ಳುವವನು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿಯುತ್ತಿದ್ದನು. ಒಳ್ಳೆಯದು, ಸೊರಗಿದ್ದು, ಹುಳು ಕೊರೆದದ್ದು ಎಂದು ವಿಂಗಡಿಸುವ ಕೆಲಸ ಸುರಬಾಯಾದಲ್ಲಿ ನಡೆಯುತ್ತಿತ್ತು, ಅದರ ಲಾಭವೂ ಅಲ್ಲೇ ಉಳಿಯುತ್ತಿತ್ತು. ಜೊತೆಗೆ ಅಕ್ಕಿ, ಸಕ್ಕರೆ, ಡೀಸೆಲ್‌ಗಳನ್ನು ಸಾಲವಾಗಿ ಕೊಟ್ಟವನೇ ಬೆಳೆಯನ್ನೂ ಒಯ್ಯುವಾಗ ಚೌಕಾಸಿಗೆ ಜಾಗವಿರುವುದಿಲ್ಲ. ಶಿರಸಿಯಲ್ಲಿ ಒಬ್ಬೊಬ್ಬ ರೈತನ ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳನ್ನು ಸಹಕಾರ ಸಂಘದ ಅಂಗಳದಲ್ಲಿ ಬೇರೆ ಬೇರೆಯಾಗಿ ಸುರಿದು ಟೆಂಡರ್ ಕರೆಯುವುದನ್ನು ಚಿಕ್ಕಂದಿನಿಂದ ನೋಡಿದ ನನಗೆ, ರನ್‌ಗೆ ಬೇಕಾದದ್ದು ಯಾವ ಹೊಸ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಈ ಅಂಗಳ ಎಂದು ತೋರಿತು. ಒಳ್ಳೆಯ ಮಾಲಿಗೆ ದ್ವೀಪದಲ್ಲಿಯೇ ಬೇರೆ ಬೆಲೆ ಸಿಗುವುದಾದರೆ ಒಣಗಿಸುವ ಗೂಡನ್ನು ಜನ ತಾವೇ ಕಟ್ಟಿಕೊಳ್ಳುತ್ತಾರೆ. 2025ರ ಜುಲೈಯಲ್ಲಿ ಅಧ್ಯಕ್ಷ ಪ್ರಬೋವೊ ಅವರ ಸರ್ಕಾರ ದೇಶದಾದ್ಯಂತ 80,000 ಹಳ್ಳಿ ಸಹಕಾರ ಸಂಘಗಳ ಯೋಜನೆಗೆ ಚಾಲನೆ ಕೊಟ್ಟಿದೆ. ಮೇಲಿನಿಂದ ಹುಟ್ಟಿಸಿದ ಸಹಕಾರ ಸಂಘಗಳ ಗತಿ ಏನಾಗುತ್ತದೆ ಎನ್ನುವುದು ಕರ್ನಾಟಕದವರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಗೋದಾಮು ಮತ್ತು ಮುಂಗಡ ಹಣ ಎರಡನ್ನು ಅದು ಸರಿಯಾಗಿ ಒದಗಿಸಿದರೂ ಸಾಕು, ರನ್‌ನಂಥ ಊರಿಗೆ ದೊಡ್ಡ ಉಪಕಾರವಾದೀತು.

ಇನ್ನು ಕಡಲಿನ ಮಾತು. ನಮ್ಮ ಕರಾವಳಿಯಲ್ಲಿ ಕಡಲು ವರ್ಷಕ್ಕೊಮ್ಮೆ ಮುನಿಯುತ್ತದೆ. ಬಾಂಡಾದಲ್ಲಿ ಎರಡು ಸಲ, ಡಿಸೆಂಬರಿನಿಂದ ಮಾರ್ಚಿಯ ತನಕ ಪಡುವಣ ಗಾಳಿಗೆ ಒಮ್ಮೆ, ಜೂನ್‌ನಿಂದ ಆಗಸ್ಟ್ ತನಕ ಮೂಡಣ ಗಾಳಿಗೆ ಇನ್ನೊಮ್ಮೆ. ಬಾಂಡಾ ದ್ವೀಪಸ್ತೋಮದ ಮುಖ್ಯ ಊರಾದ ನೆರಾದಿಂದ ರನ್‌ಗೆ ಮೋಟಾರು ದೋಣಿಯೇ ಗತಿ, ನೆರಾದಿಂದ ಪ್ರಾಂತ್ಯದ ರಾಜಧಾನಿ ಆಂಬೋನ್‌ಗೆ ಸರ್ಕಾರಿ ಹಡಗು. ಹಡಗು ತಡವಾದರೆ ಅಂಗಡಿಯಲ್ಲಿ ಅಕ್ಕಿ ದುಬಾರಿಯಾಗುತ್ತದೆ, ಗೆಣಸು ಮತ್ತು ಮೀನಿನ ಮೇಲೆ ದಿನ ತಳ್ಳಬೇಕಾಗುತ್ತದೆ. ಒಂದೆರಡು ಜನ ಸೇರಿ ಸಣ್ಣ ದೋಣಿಯಲ್ಲಿ ಹೋಗಿ ಕೈಗಾಳದಿಂದಲೇ ಟ್ಯೂನಾ ಹಿಡಿದು ತರುತ್ತಾರೆ. ಬಲೆ ಬೀಸುವ ದೊಡ್ಡ ದೋಣಿಗಳ ಮೀನಿಗಿಂತ ಅದರ ಗುಣ ಮೇಲು. ಆದರೆ ಮಂಜುಗಡ್ಡೆ ಸಿಕ್ಕಿದ ದಿನ ಅದು ರಫ್ತಿನ ಮೀನು, ಸಿಗದ ದಿನ ಒಣಮೀನು. ಮಂಜುಗಡ್ಡೆಗೆ ವಿದ್ಯುತ್ ಬೇಕು, ಆ ಊರಿಗೆ ಬಹುಕಾಲ ಸಂಜೆಯ ಕೆಲವು ಗಂಟೆ ಮಾತ್ರ ಜನರೇಟರಿನ ಕರೆಂಟು ಇತ್ತು. ಕುಡಿಯುವ ನೀರಿಗೆ ಹೊಳೆಯಿಲ್ಲ, ಬುಗ್ಗೆಯಿಲ್ಲ. ಮಾಡಿನಿಂದ ತೊಟ್ಟಿಗೆ ಇಳಿಸಿದ ಮಳೆನೀರೇ ಆಧಾರ. ನಾಲ್ಕು ನೂರು ವರ್ಷಗಳ ಹಿಂದೆ ಕೋರ್ಟ್‌ಹೋಪ್‌ನ ಜನರನ್ನು ಹೈರಾಣಾಗಿಸಿದ್ದೂ ಇದೇ ನೀರಿನ ಬರ.

2014ರ ಹಳ್ಳಿ ಕಾನೂನಿನ ಬಳಿಕ, 2015ರಿಂದ, ಕೇಂದ್ರ ಸರ್ಕಾರದ ಹಣ ನೇರವಾಗಿ ಗ್ರಾಮಗಳಿಗೆ ಬರುತ್ತಿದೆ. ಸಣ್ಣ ಕಾಮಗಾರಿಗಳಿಗೆ ಈಗ ಜಿಲ್ಲಾ ಕಚೇರಿಯ ಬಾಗಿಲು ಕಾಯಬೇಕಾಗಿಲ್ಲ. ಆದರೆ ರಾತ್ರಿ ಹೆರಿಗೆ ಕಷ್ಟವಾದರೆ ಅಲೆ ಲೆಕ್ಕಿಸದೆ ನೆರಾಕ್ಕೆ ದೋಣಿ ಹೊರಡಿಸಲೇಬೇಕು, ಅಲ್ಲೂ ಆಗದಿದ್ದರೆ ಆಂಬೋನ್.

ಮಕ್ಕಳ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಓದಿದವರು ಹೊರಡುತ್ತಾರೆ. 1936ರಿಂದ 1942ರವರೆಗೆ ಡಚ್ಚರು ಬಾಂಡಾ ನೆರಾದಲ್ಲಿ ಗಡೀಪಾರಿನಲ್ಲಿಟ್ಟಿದ್ದ ಸ್ವಾತಂತ್ರ್ಯ ಹೋರಾಟಗಾರರಾದ ಹಟ್ಟಾ ಮತ್ತು ಶಹ್ರೀರ್ ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದರು. ಅವರ ಹೆಸರಿನ ಕಾಲೇಜು ಶಿಕ್ಷಣವೂ ಮುಂದೆ ನೆರಾದಲ್ಲಿ ಬಂದಿತು. ಆದರೂ ಹೆಚ್ಚಿನವರ ಕಣ್ಣು ಆಂಬೋನ್ ಕಡೆಗೆ, ಇನ್ನೂ ಆಚೆಗೆ. ಹೋದವರು ಕಳುಹಿಸುವ ಹಣದಿಂದ ಮನೆಗಳಿಗೆ ಸಿಮೆಂಟಿನ ಗೋಡೆ ಬರುತ್ತದೆ, ತೋಟಕ್ಕೆ ಹೊಸ ಸಸಿ ಬರುವುದಿಲ್ಲ. ಹಳೆಯ ಮರಗಳೇ ದುಡಿಯುತ್ತಿವೆ. ಫಲ ಬರಲು ಏಳೆಂಟು ವರ್ಷ ಕಾಯಬೇಕಾದ, ಗಂಡಾಗಿಬಿಡಬಹುದಾದ ಸಸಿಯನ್ನು ಇಪ್ಪತ್ತರ ಹುಡುಗ ಯಾಕೆ ನೆಟ್ಟಾನು? ಕಸಿ ಗಿಡ ಹಂಚಿದರೆ ಈ ಅನುಮಾನದ ಅರ್ಧ ನೀಗುತ್ತದೆ. ನಮ್ಮಲ್ಲಿ ಅಡಿಕೆ ತೋಟದ ನಡುವೆ ಜಾಯಿಕಾಯಿ ಹಾಕುವವರು ಕಸಿಗೆ ಒಲಿದಿರುವುದಕ್ಕೆ ಕಾರಣವೂ ಅದೇ.

ಪ್ರವಾಸೋದ್ಯಮದ ಬಗ್ಗೆ ತಮಗಿರುವ ಉತ್ಸಾಹವನ್ನು ಪೂರ್ತಿ ತಣ್ಣಗಾಗಿಸುವುದು ನನ್ನ ಉದ್ದೇಶವಲ್ಲ. ಬಾಂಡಾದ ಐತಿಹಾಸಿಕ ಮತ್ತು ಕಡಲ ಪರಿಸರ 2015ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ರನ್‌ಗೆ ಅಂಟಿಕೊಂಡಂತಿರುವ ನೈಲಕಾ ಎಂಬ ಮರಳಿನ ನಡುಗಡ್ಡೆಯ ಸುತ್ತಲಿನ ಹವಳದ ದಿಬ್ಬಗಳು ಮುಳುಗುಗಾರರನ್ನು ಸೆಳೆಯುತ್ತವೆ. ಆದರೆ ಬರುವವರಲ್ಲಿ ಬಹುಪಾಲು ಜನ ನೆರಾದಲ್ಲಿ ಉಳಿದು, ಬೆಳಿಗ್ಗೆ ಬಂದು ಮಧ್ಯಾಹ್ನ ಮರಳುತ್ತಾರೆ. ಊರಿಗೆ ಸಿಗುವುದು ದೋಣಿ ಬಾಡಿಗೆಯ ಒಂದು ಪಾಲು, ಒಂದು ಊಟದ ದುಡ್ಡು. ಎರಡು ಗಾಳಿಗಾಲಗಳಲ್ಲಿ ಅದೂ ಇಲ್ಲ. ಮನೆಯಲ್ಲೇ ಕೋಣೆ ಬಿಟ್ಟುಕೊಡುವ ಕೆಲವರಿಗೆ ಅದು ಉಪ್ಪಿನಕಾಯಿಯಂತೆ; ಊಟವಾಗಲಾರದು.

ತಾವು ಅಲ್ಲಿ ಹೋಗಿ ನೆಲೆಸುವ ಪ್ರಶ್ನೆಗೆ ನನ್ನ ಉತ್ತರ ‘ಬೇಡ’ ಎಂದೇ. 1960ರ ಭೂ ಕಾನೂನಿನ ಪ್ರಕಾರ ವಿದೇಶಿಯರು ಅಲ್ಲಿ ಜಮೀನಿನ ಪೂರ್ಣ ಒಡೆತನ ಪಡೆಯುವಂತಿಲ್ಲ. ವಿದೇಶಿ ಬಂಡವಾಳದ ಕಂಪನಿ ಮಾಡಬೇಕೆಂದರೆ ಸಾವಿರ ಕೋಟಿ ರೂಪಿಯಾಕ್ಕಿಂತ ಹೆಚ್ಚಿನ ಹೂಡಿಕೆ ತೋರಿಸಬೇಕು. ನಮ್ಮ ಹಣದಲ್ಲಿ ಅದು ಐದು ಕೋಟಿ ರೂಪಾಯಿ ದಾಟುತ್ತದೆ. ಸ್ಥಳೀಯರೊಬ್ಬರ ಹೆಸರಿನಲ್ಲಿ ಜಾಗ ಕೊಂಡು ಒಳಗೊಳಗೇ ಕರಾರು ಮಾಡಿಕೊಳ್ಳುವ ದಾರಿಯನ್ನು ಬಾಲಿಯಲ್ಲಿ ಅನೇಕರು ಹಿಡಿದು ಕೈ ಸುಟ್ಟುಕೊಂಡಿದ್ದಾರೆ. ನ್ಯಾಯಾಲಯದಲ್ಲಿ ಅಂಥ ಕರಾರು ನಿಲ್ಲುವುದು ಕಷ್ಟ. ಕಾನೂನನ್ನು ಬದಿಗಿಟ್ಟರೂ, ಇರುವ ಕೋಣೆಗಳೇ ವರ್ಷದ ಬಹುಕಾಲ ಖಾಲಿಯಿರುವ ಊರಿನಲ್ಲಿ ಇನ್ನೊಂದು ಹೋಂಸ್ಟೇ ಕಟ್ಟಿದರೆ ಅದು ಅಲ್ಲಿನವರ ತಟ್ಟೆಯಿಂದಲೇ ತುತ್ತು ಎತ್ತಿದಂತೆ. ಹಣ ಹಾಕಲೇಬೇಕೆಂಬ ಮನಸ್ಸಿದ್ದರೆ, ಅಲ್ಲಿನ ಬೆಳೆಗಾರರ ಗುಂಪೊಂದರಿಂದ ವಿಂಗಡಿಸಿದ ಮೊದಲ ದರ್ಜೆಯ ಮಾಲನ್ನು ಮಾರುಕಟ್ಟೆಗಿಂತ ಮೇಲಿನ ಬೆಲೆಗೆ, ಮುಂಗಡ ಕೊಟ್ಟು, ನಾಲ್ಕೈದು ವರ್ಷ ಬಿಡದೆ ಕೊಳ್ಳುವ ವ್ಯಾಪಾರ ಮಾಡಬಹುದು. ಅದಕ್ಕೆ ಜಮೀನು ಬೇಕಿಲ್ಲ. ಇಂಡೋನೇಷ್ಯಾದ ಪರವಾನಗಿ ಹೊಂದಿದ ರಫ್ತುದಾರರೊಬ್ಬರು ಜೊತೆಗಿದ್ದರೆ ಸಾಕು.

ನೋಡಿ ಬರುವುದಕ್ಕಾದರೆ ಸಂತೋಷವಾಗಿ ಹೋಗಿ. ಭಾರತೀಯರಿಗೆ ಮೂವತ್ತು ದಿನದ ವೀಸಾ ಬಂದಿಳಿದ ಮೇಲೂ ಸಿಗುತ್ತದೆ, ಒಮ್ಮೆ ವಿಸ್ತರಿಸಿಕೊಳ್ಳಬಹುದು. ಬೆಂಗಳೂರಿನಿಂದ ಬಾಲಿಗೆ ಹೋಗಿ ಅಲ್ಲಿಂದ ಆಂಬೋನ್ ತಲುಪಿ, ಹಡಗು ಹಿಡಿದು ನೆರಾಕ್ಕೆ ಬನ್ನಿ. ಅಕ್ಟೋಬರ್–ನವೆಂಬರ್ ಅಥವಾ ಏಪ್ರಿಲ್ ತಿಂಗಳನ್ನು ಆರಿಸಿಕೊಳ್ಳಿ, ಮರಳುವ ಟಿಕೆಟ್ಟಿಗೆ ಮುಂಚೆ ಒಂದು ವಾರ ಖಾಲಿ ಬಿಟ್ಟಿರಿ, ನಗದು ಹಣವನ್ನು ಆಂಬೋನ್‌ನಲ್ಲಿಯೇ ತೆಗೆದಿಟ್ಟುಕೊಳ್ಳಿ. ರನ್‌ನಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಜಾಯಿಕಾಯಿ ಕೊಳ್ಳುವುದಾದರೆ ನೆರಾದ ಅಂಗಡಿಯಲ್ಲಿ ಕೊಳ್ಳದೆ, ಅಟ್ಟದ ಮೇಲೆ ಒಣಗಿಸಿಟ್ಟ ಮನೆಯವರಿಂದಲೇ, ಅವರೇ ಆರಿಸಿ ಕೊಟ್ಟದ್ದನ್ನು, ಅವರು ಹೇಳಿದ ಬೆಲೆಗೆ ಕೊಳ್ಳಿ.