ಕುಮಾರಸ್ವಾಮಿ ಗೆಲ್ಲುತ್ತಾರೆ, ಪಕ್ಷ ಸೊರಗುತ್ತದೆ

ನೀವು ಕೇಳಿದ್ದು: ಎಚ್.ಡಿ. ಕುಮಾರಸ್ವಾಮಿಯವರ ಇಲ್ಲಿಯವರೆಗಿನ ಸೋಲು ಗೆಲುವು ನೋಡಿದರೆ ಜೆಡಿಎಸ್‌ಗೆ ಮುಂದೆ ಭವಿಷ್ಯ ಇದೆಯಾ?

ನಾನು ನವಲಗುಂದ ತಾಲ್ಲೂಕಿನವನು, ಈಗ ಹುಬ್ಬಳ್ಳಿಯಲ್ಲಿದ್ದೇನೆ. ನಮ್ಮಪ್ಪ ಹಳೇ ಜನತಾ ಪಕ್ಷದ ಮನುಷ್ಯ. ಹಾಗಾಗಿ ನನ್ನ ಉತ್ತರ ಸ್ವಲ್ಪ ಈ ಕಡೆಗೆ ವಾಲಿದ್ದರೆ ಬೇಜಾರಾಗಬೇಡಿ.

ಮೊದಲು ಕುಮಾರಸ್ವಾಮಿಯವರ ಸ್ವಂತ ಲೆಕ್ಕ. ಅದು ಜನ ಆಡಿಕೊಳ್ಳುವಷ್ಟು ಕೆಟ್ಟದ್ದೇನಲ್ಲ. 1996ರಲ್ಲಿ ಕನಕಪುರದಿಂದ ಲೋಕಸಭೆಗೆ ಹೋದರು, 1998ರಲ್ಲಿ ಸೋತರು. ಆದರೆ 2004ರಿಂದ ಈಚೆಗೆ ವಿಧಾನಸಭೆಗೆ ನಿಂತು ಒಮ್ಮೆಯೂ ಸೋತಿಲ್ಲ. 2018ರಲ್ಲಂತೂ ರಾಮನಗರ, ಚನ್ನಪಟ್ಟಣ ಎರಡೂ ಕಡೆ ಗೆದ್ದರು. ನಡುವೆ 2014ರಲ್ಲಿ ಚಿಕ್ಕಬಳ್ಳಾಪುರ ಲೋಕಸಭೆಗೆ ಹೋಗಿ ಪೆಟ್ಟು ತಿಂದರು, ಅಷ್ಟೆ. 2024ರಲ್ಲಿ ಮಂಡ್ಯದಲ್ಲಿ ಎರಡೂಮುಕ್ಕಾಲು ಲಕ್ಷಕ್ಕೂ ಜಾಸ್ತಿ ಅಂತರದಿಂದ ಗೆದ್ದು ಕೇಂದ್ರದಲ್ಲಿ ಮಂತ್ರಿಯಾದರು. ಎರಡು ಸಲ ಮುಖ್ಯಮಂತ್ರಿ ಬೇರೆ, ಅದೂ ಒಂದು ಸಲವೂ ಬಹುಮತ ಇಲ್ಲದೆ!

ಪಕ್ಷದ ಲೆಕ್ಕ ಮಾತ್ರ ಬೇರೆ. 2004ರಲ್ಲಿ 58 ಸೀಟು, 2008ರಲ್ಲಿ 28, ಆಮೇಲೆ 40, ಆಮೇಲೆ 37, 2023ಕ್ಕೆ 19. ನಮ್ಮ ಕಡೆಯ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆ ಸೇರಿ 2018ರಲ್ಲೂ ಸೊನ್ನೆ, 2023ರಲ್ಲೂ ಸೊನ್ನೆ.

ಇದರಲ್ಲಿ ಏನು ವಿಶೇಷ, ಅದು ಹಳೇ ಮೈಸೂರಿನ ಪಕ್ಷ ಅಲ್ವಾ ಅಂತ ನೀವು ಕೇಳಬಹುದು. ಅಲ್ಲ ಮಾರಾಯ್ರೇ. ಜೆಡಿಎಸ್‌ನ ಮೂಲವಾದ ಜನತಾ ಪಕ್ಷ ಅಧಿಕಾರಕ್ಕೆ ಬರೋಕೆ ಕಾರಣವಾದ ಸಿಟ್ಟು ಹುಟ್ಟಿದ್ದೇ ನಮ್ಮ ಎರೆಮಣ್ಣಿನಲ್ಲಿ. 1980ರ ಜುಲೈನಲ್ಲಿ ಮಲಪ್ರಭಾ ಕಾಲುವೆಯ ಕರ ಕಟ್ಟಲ್ಲ ಅಂತ ನವಲಗುಂದ, ನರಗುಂದದ ರೈತರು ಎದ್ದರು, ಗೋಲಿಬಾರ್ ಆಯಿತು. ಆ ಸಿಟ್ಟು ರಾಜ್ಯಕ್ಕೆಲ್ಲ ಹಬ್ಬಿ 1983ರಲ್ಲಿ ಕಾಂಗ್ರೆಸ್ ಬಿತ್ತು, ಜನತಾ ಪಕ್ಷದ ರಾಮಕೃಷ್ಣ ಹೆಗಡೆಯವರು ಬಂದರು. ಮುಂದೆ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ನಮ್ಮ ಮನೆಯಲ್ಲಿ ಓಟು ಅಂದರೆ ಚಕ್ರ, ಬೇರೆ ಗುರುತು ಇದೆ ಅನ್ನೋದೇ ನನಗೆ ಎಷ್ಟೋ ವರ್ಷ ಗೊತ್ತಿರಲಿಲ್ಲ.

ಕುಮಾರಸ್ವಾಮಿ 2006ರಲ್ಲಿ ಮೊದಲ ಸಲ ಬಂದಾಗ ಈ ಕಡೆ ಜನ ನಿಜವಾಗಲೂ ಇಷ್ಟಪಟ್ಟಿದ್ದರು. ಗ್ರಾಮ ವಾಸ್ತವ್ಯ ಅಂತ ಹಳ್ಳಿ ಮನೆಯಲ್ಲಿ ಮಲಗೋ ಮುಖ್ಯಮಂತ್ರಿಯನ್ನ ಯಾರು ನೋಡಿದ್ದರು? ಬೆಳಗಾವಿಯಲ್ಲಿ ಅಧಿವೇಶನ ಶುರುವಾಗಿದ್ದು ಅವರ ಕಾಲದಲ್ಲಿ. ಸಾರಾಯಿ, ಲಾಟರಿ ಎರಡೂ ಬಂದ್ ಆಗಿದ್ದು 2007ರಲ್ಲಿ, ಅದನ್ನು ನಮ್ಮ ಓಣಿಯ ಹೆಂಗಸರು ಇವತ್ತಿಗೂ ನೆನೆಸುತ್ತಾರೆ.

ಆಮೇಲೆ ಟ್ವೆಂಟಿ ಟ್ವೆಂಟಿ ಬಂತು. ಇಪ್ಪತ್ತು ತಿಂಗಳು ನಾನು, ಇಪ್ಪತ್ತು ತಿಂಗಳು ನೀನು ಅಂತ ಬಿಜೆಪಿ ಜೊತೆ ಮಾಡಿಕೊಂಡಿದ್ದ ಒಪ್ಪಂದ. ಇವರ ಪಾಳಿ ಮುಗಿದ ಮೇಲೆ ಯಡಿಯೂರಪ್ಪನವರಿಗೆ ಕುರ್ಚಿ ಬಿಡಬೇಕಿತ್ತು. ಎಳೆದಾಡಿ ಎಳೆದಾಡಿ ಕೊನೆಗೆ 2007ರ ನವೆಂಬರ್ 12ಕ್ಕೆ ಯಡಿಯೂರಪ್ಪ ಪ್ರಮಾಣವಚನ ತಗೊಂಡರು. ಆಗಷ್ಟೇ ದೀಪಾವಳಿ ಮುಗಿದಿತ್ತು, ಉಳಿದಿದ್ದ ಪಟಾಕಿಯೆಲ್ಲ ಅವತ್ತು ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರ ಹೊಡೆದರು. ಒಂದೇ ವಾರ. ಜೆಡಿಎಸ್ ಬೆಂಬಲ ಕೊಡಲಿಲ್ಲ, ಸರ್ಕಾರ ಹೋಯಿತು. ಮರುದಿನ ಚಹಾದಂಗಡಿಯಲ್ಲಿ ಒಬ್ಬ ಹುಡುಗ ಅಪ್ಪನ ಮುಂದೆ ನಿಂತು, "ಏನ್ರಿ ಕಾಕಾ, ನಿಮ್ಮ ಗೌಡ್ರು ಹಿಂಗ ಮಾಡಿದ್ರಲ್ಲ?" ಅಂದ. ಅಪ್ಪ ಅರ್ಧ ಕಪ್ಪು ಚಹಾ ಹಾಗೇ ಬಿಟ್ಟು ಎದ್ದು ಬಂದರು. ವಾದ ಮಾಡದೆ ಅವರು ಎದ್ದು ಬಂದಿದ್ದನ್ನ ನಾನು ನೋಡಿದ್ದು ಅದೊಂದೇ ಸಲ.

ಜೆಡಿಎಸ್‌ನವರು ಬೇರೆ ಕಾರಣ ಹೇಳುತ್ತಾರೆ, ಕರಾರು ಒಪ್ಪಲಿಲ್ಲ ಇತ್ಯಾದಿ. ಇಲ್ಲಿ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. "ವಚನಭ್ರಷ್ಟ" ಅನ್ನೋ ಒಂದೇ ಪದ ಸಾಕಾಯಿತು, ಅದರಲ್ಲೂ ಲಿಂಗಾಯತರಿಗೆ. 2008ರಲ್ಲಿ ಬಿಜೆಪಿ 110ಕ್ಕೆ ಹೋಯಿತು. ಜನತಾ ಪರಿವಾರದಲ್ಲೇ ಬೆಳೆದ ಬಸವರಾಜ ಬೊಮ್ಮಾಯಿ ಅದೇ ಹೊತ್ತಿಗೆ ಬಿಜೆಪಿ ಸೇರಿದರು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದಿಂದ 1980ರಿಂದ ಗೆಲ್ಲುತ್ತಲೇ ಬಂದ ಬಸವರಾಜ ಹೊರಟ್ಟಿಯವರು ತಡೆದುಕೊಂಡಷ್ಟು ತಡೆದುಕೊಂಡು 2022ರಲ್ಲಿ ಬಿಜೆಪಿಗೆ ಹೋದರು. ನಮ್ಮ ನವಲಗುಂದದ ಕೋನರಡ್ಡಿ 2013ರಲ್ಲಿ ಜೆಡಿಎಸ್‌ನಿಂದ ಗೆದ್ದರು, 2018ರಲ್ಲಿ ಸೋತರು, ಕಾಂಗ್ರೆಸ್‌ಗೆ ಹೋಗಿ 2023ರಲ್ಲಿ ಮತ್ತೆ ಗೆದ್ದರು. ಮನುಷ್ಯ ಅವನೇ, ಕ್ಷೇತ್ರ ಅದೇ. ಬದಲಾಗಿದ್ದು ಗುರುತು ಮಾತ್ರ.

2018ರಲ್ಲಿ ಕುಮಾರಸ್ವಾಮಿ ರೈತರ 34 ಸಾವಿರ ಕೋಟಿ ಸಾಲಮನ್ನಾ ಘೋಷಿಸಿದರು, ಅದೂ ಇಲ್ಲಿ ಓಟಾಗಲಿಲ್ಲ. ಸುಸ್ತಿದಾರರಿಗೆ ಎರಡು ಲಕ್ಷದವರೆಗೆ ಮನ್ನಾ, ನಿಯತ್ತಾಗಿ ಕಟ್ಟಿದವರಿಗೆ ಹೆಚ್ಚೆಂದರೆ 25 ಸಾವಿರ. ನಮ್ಮ ಚಿಕ್ಕಪ್ಪ ಕಟ್ಟಿದವರ ಸಾಲಿನಲ್ಲಿದ್ದರು. ಅವರ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಇನ್ನು ಭವಿಷ್ಯ. ಪಕ್ಷ ನಾಳೆಯೇ ಮುಳುಗುತ್ತೆ ಅಂತ ನಾನು ಹೇಳಲ್ಲ, ದೇವೇಗೌಡರ ಪಕ್ಷ ಮುಗೀತು ಅಂತ 1999ರಲ್ಲಿ ಹತ್ತು ಸೀಟು ಬಂದಾಗಲೂ ಹೇಳಿದ್ದರು. ಆದರೆ ಆಗ ಕುಮಾರಸ್ವಾಮಿಗೆ ನಲವತ್ತು ವರ್ಷ. ಈಗ ಮುಂದಿನ ತಲೆಮಾರು ಅವರ ಮಗ ನಿಖಿಲ್. ಅವರು 2019ರಲ್ಲಿ ಮಂಡ್ಯ, 2023ರಲ್ಲಿ ರಾಮನಗರ, 2024ರ ಉಪಚುನಾವಣೆಯಲ್ಲಿ ಚನ್ನಪಟ್ಟಣ, ಮೂರಕ್ಕೆ ಮೂರೂ ಸೋತಿದ್ದಾರೆ. ಕೊನೆಯದಂತೂ ಅಪ್ಪ ಖಾಲಿ ಮಾಡಿಕೊಟ್ಟ ಸೀಟು, ಅದೂ ಬಿಜೆಪಿ ಜೊತೆಗಿದ್ದಾಗ. ಹಾಸನ ಲೋಕಸಭೆಯೂ 2024ರಲ್ಲಿ ಕೈಬಿಟ್ಟಿತು. ಒಕ್ಕಲಿಗರ ಓಟಿಗೆ ಡಿ.ಕೆ. ಶಿವಕುಮಾರ್ ಎದುರು ಕೂತಿದ್ದಾರೆ. ಹಾಗಾಗಿ ನನ್ನ ಅಂದಾಜು ಇಷ್ಟು: ಕುಮಾರಸ್ವಾಮಿ ಓಡಾಡಿಕೊಂಡು ಇರೋವರೆಗೆ ನಾಲ್ಕೈದು ಜಿಲ್ಲೆಯ ಪಕ್ಷವಾಗಿ, ಬಿಜೆಪಿಯ ಪಾಲುದಾರನಾಗಿ ಉಳಿಯುತ್ತೆ. ಆಮೇಲೆ ಗೊತ್ತಿಲ್ಲ.

ಈ ಕಡೆ ಜೀವ ಬರುತ್ತಾ ಅಂತ ತಿಳೀಬೇಕಾದರೆ ಒಂದೇ ವಿಷಯ ನೋಡಿ. ಮುಂದಿನ ವಿಧಾನಸಭೆ ಚುನಾವಣೆಯಲ್ಲಿ ಬಿಜೆಪಿ ಧಾರವಾಡ, ಗದಗ, ಹಾವೇರಿಯಲ್ಲಿ ಒಂದಾದರೂ ಸೀಟು ಜೆಡಿಎಸ್‌ಗೆ ಬಿಡುತ್ತಾ? ನವಲಗುಂದ ಕೇಳಬೇಕು ಅಂತ ಅಪ್ಪ ಈಗಲೂ ಹೇಳುತ್ತಿರುತ್ತಾರೆ. ಯಾರನ್ನ ನಿಲ್ಲಿಸ್ತೀರಿ ಅಂತ ನಾನು ಕೇಳಿದರೆ ಒಂದು ಹೆಸರೂ ಹೊಳೆಯಲ್ಲ ಅವರಿಗೆ.