ಸೋಸಿದ ಮೇಲೂ ಮೂತ್ರಪಿಂಡ ಮತ್ತೆ ಸ್ರವಿಸುವುದೇಕೆ?

ಮೂತ್ರಪಿಂಡವು ರಕ್ತವನ್ನು ಸೋಸಿ, ಬೇಕಾದುದನ್ನು ಮರಳಿ ಹೀರಿಕೊಂಡ ಮೇಲೆ ಪುನಃ ಸ್ರವಿಸುವ ಅಗತ್ಯವೇನು ಎಂದು ನೀವು ಕೇಳಿದ್ದೀರಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮದಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಮಕ್ಕಳೂ ಇದೇ ಪ್ರಶ್ನೆ ಹಾಕುತ್ತಾರೆ. ಸ್ರವಿಕೆಯನ್ನು ನಾವು ಮೇಷ್ಟ್ರುಗಳು ಎರಡು ಮಾತಿನಲ್ಲಿ ಮುಗಿಸಿಬಿಡುವುದೇ ಅದಕ್ಕೆ ಕಾರಣವಿರಬೇಕು.

ಪ್ರತಿ ಮೂತ್ರಪಿಂಡದಲ್ಲಿ ನೆಫ್ರಾನ್ ಎಂಬ ಸೂಕ್ಷ್ಮ ಸೋಸು ಘಟಕಗಳು ಸುಮಾರು 10 ಲಕ್ಷ ಇದ್ದು, ಅವುಗಳ ಆರಂಭದಲ್ಲಿರುವ ಗ್ಲೊಮೆರುಲಸ್ ಎಂಬ, ಲೋಮನಾಳಗಳ (ಕೂದಲಿನಷ್ಟು ಸಣ್ಣ ರಕ್ತನಾಳಗಳ) ಗೊಂಚಲಿನ ಮೂಲಕ ಎರಡೂ ಮೂತ್ರಪಿಂಡಗಳಲ್ಲಿ ಒಟ್ಟಾಗಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಇಳಿಯುತ್ತದೆ. ರಕ್ತಕಣಗಳನ್ನೂ ದೊಡ್ಡ ಪ್ರೋಟೀನುಗಳನ್ನೂ ತಡೆಯುವ ಈ ಜಾಲರಿಗೆ ಮಿಕ್ಕಂತೆ ಒಳ್ಳೆಯದು ಕೆಟ್ಟದ್ದೆಂಬ ಭೇದವಿಲ್ಲ. ಗ್ಲೂಕೋಸ್, ಲವಣ, ಯೂರಿಯಾ ಎಲ್ಲವೂ ನೀರಿನೊಂದಿಗೆ ಹೊರಬೀಳುತ್ತವೆ. ಸುಲಿದ ಅಡಿಕೆಯನ್ನು ಜಗಲಿಯಲ್ಲಿ ಸುರಿದು, ಪಟೋರ, ಕರಿಗೋಟು ಎಂಬ ಕಳಪೆ ಅಡಿಕೆಗಳಿಂದ ಒಳ್ಳೆಯದನ್ನು ಹೆಕ್ಕಿ ಗೋಣಿಗೆ ತುಂಬುವಂತೆ, ಆಯ್ಕೆಯ ಕೆಲಸ ಅನಂತರದ್ದು. ಗ್ಲೊಮೆರುಲಸ್ ದಾಟಿದೊಡನೆ ಸಿಗುವ, ನೆಫ್ರಾನಿನ ಮೊದಲ ಸುರುಳಿನಾಳವೇ ನೀರು ಮತ್ತು ಸೋಡಿಯಂನ ಸುಮಾರು ಮೂರನೇ ಎರಡು ಪಾಲನ್ನೂ, ಗ್ಲೂಕೋಸನ್ನು ಬಹುತೇಕ ಪೂರ್ತಿಯಾಗಿಯೂ ರಕ್ತಕ್ಕೆ ಮರಳಿಸುತ್ತದೆ. ಗ್ಲೂಕೋಸ್ ಹೊರುವ ವಾಹಕಗಳಿಗೂ ಮಿತಿಯಿದೆ: ರಕ್ತದಲ್ಲಿ ಅದು ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿತೆಂದರೆ ಹೆಚ್ಚಾದದ್ದು ಮೂತ್ರಕ್ಕೆ ಇಳಿಯುತ್ತದೆ. ಕೊನೆಯ ಸಂಗ್ರಹನಾಳದಲ್ಲಿ ಎಷ್ಟು ನೀರು ಮರಳಬೇಕೆಂಬುದು ಎಡಿಎಚ್ ಎಂಬ, ಮೂತ್ರದ ನೀರನ್ನು ತಗ್ಗಿಸುವ ಹಾರ್ಮೋನಿನ ಕೈಯಲ್ಲಿದೆ; ದೇಹದಲ್ಲಿ ನೀರು ಕಡಿಮೆಯಾದಾಗ ಅದು ಹೆಚ್ಚು ನೀರನ್ನು ರಕ್ತಕ್ಕೆ ಮರಳಿಸುತ್ತದೆ. ಮಾರ್ಚಿನ ಬಿಸಿಲಿಗೆ ತೋಟದಲ್ಲಿ ದುಡಿದ ದಿನ ಮೂತ್ರ ಕಡುಹಳದಿಯಾಗುವುದು ಇದರಿಂದಲೇ. ನಮ್ಮ ಊರಿನಲ್ಲಿ ಅದಕ್ಕೆ ಉಷ್ಣವೆನ್ನುತ್ತಾರೆ.

ಇನ್ನು ನಿಮ್ಮ ಪ್ರಶ್ನೆ. ಗ್ಲೊಮೆರುಲಸ್‌ಗೆ ಬಂದ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಒಂದು ಸಲಕ್ಕೆ ಸೋಸಿಹೋಗುವುದು ಸುಮಾರು ಐದನೇ ಒಂದು ಪಾಲು ಮಾತ್ರ. ಸೋಸದೆ ಉಳಿದ ನಾಲ್ಕು ಪಾಲು ಸುರುಳಿನಾಳವನ್ನು ಸುತ್ತಿಕೊಂಡಿರುವ ಲೋಮನಾಳಗಳಲ್ಲಿ ಹರಿಯುವಾಗ, ನಾಳದ ಗೋಡೆಯ ಜೀವಕೋಶಗಳು ಬೇಡವಾದುದನ್ನು ಆ ರಕ್ತದಿಂದ ಎಳೆದು ಮೂತ್ರದ ದಾರಿಗೆ ಹಾಕುತ್ತವೆ, ಇದೇ ಸ್ರವಿಕೆ. ಪೆನಿಸಿಲಿನ್ ದೇಹದಿಂದ ಬೇಗನೆ ಖಾಲಿಯಾಗುವುದು ಸೋಸುವಿಕೆಗಿಂತ ಹೆಚ್ಚಾಗಿ ಈ ದಾರಿಯಲ್ಲಿಯೇ. ರಕ್ತದ ಆಮ್ಲೀಯತೆ ಏರದಂತೆ ಹೈಡ್ರೋಜನ್ ಅಯಾನುಗಳನ್ನು ಹೊರದಬ್ಬುವುದೂ ಹೀಗೆಯೇ.

ಸ್ರವಿಕೆ ಬರಿಯ ಉಳಿಕೆಯ ಕೆಲಸವಲ್ಲ ಎಂಬುದಕ್ಕೆ ಪೊಟ್ಯಾಸಿಯಂ ಒಂದೇ ಸಾಕು. ಸೋಸಿದ ಪೊಟ್ಯಾಸಿಯಂನ ಬಹುಪಾಲು ಮೊದಲ ಸುರುಳಿನಾಳ ಮತ್ತು ಅದರ ಮುಂದಿನ U ಆಕಾರದ ಭಾಗವಾದ ಹೆನ್ಲೆಯ ಕುಣಿಕೆ ದಾಟುವಷ್ಟರಲ್ಲಿ ರಕ್ತಕ್ಕೆ ಮರಳಿಯಾಗಿರುತ್ತದೆ; ಮೂತ್ರದಲ್ಲಿ ಸಿಗುವುದು ಹೆಚ್ಚಾಗಿ ನಾಳದ ಕೊನೆಯ ಭಾಗದಲ್ಲಿ ಆಲ್ಡೋಸ್ಟೀರಾನ್ ಎಂಬ ಹಾರ್ಮೋನಿನ ಪ್ರೇರಣೆಯಿಂದ ಹೊಸದಾಗಿ ಸ್ರವಿಸಿದ್ದು. ತೋಟದಿಂದ ಬಂದು ನಾವು ಎರಡು ಬೊಂಡ (ಎಳನೀರು) ಕುಡಿದರೆ ಅದರಲ್ಲಿ ಹೇರಳವಾಗಿರುವ ಪೊಟ್ಯಾಸಿಯಂ ಹೀಗೆ ಸದ್ದಿಲ್ಲದೆ ಹೊರಹೋಗುತ್ತದೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ (ಯಂತ್ರದಿಂದ ರಕ್ತ ಶುದ್ಧಿ) ಮಾಡಿಸಿಕೊಳ್ಳುತ್ತಿರುವ ನಮ್ಮ ನೆರೆಮನೆಯ ಮಾವನಿಗೆ ಮಾತ್ರ, ಅಂಗಳದಲ್ಲೇ ತೆಂಗಿನಮರವಿದ್ದರೂ, ವೈದ್ಯರು ಬೊಂಡ ಮುಟ್ಟಬೇಡಿ ಎಂದಿದ್ದಾರೆ. ಹೊರಹೋಗಲಾರದ ಪೊಟ್ಯಾಸಿಯಂ ರಕ್ತದಲ್ಲೇ ಏರಿದರೆ ಹೃದಯದ ಬಡಿತ ತಪ್ಪುತ್ತದೆ.