‘ಬರೀ ಕ್ರ್ಯಾಕ್’ ಅಂದ್ರೆ ಮೂಳೆ ಮುರಿದಿಲ್ಲ ಅಂತಾನಾ?

ನಿಮ್ಮ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ‘ಬರೀ ಕ್ರ್ಯಾಕ್’ ಅಂತ ಹೇಳಿ ಪ್ಲಾಸ್ಟರ್ ಹಾಕಿದ್ದಾರೆ. ಅದೇ ಮೂಳೆ ಮುರಿದ ಗೆಳೆಯನಿಗೆ ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಹಾಗಾದರೆ ನಿಮ್ಮದು ಫ್ರ್ಯಾಕ್ಚರ್ ಅಲ್ವಾ, ಇದರಲ್ಲಿ ಎಷ್ಟು ಬಗೆ ಅಂತ ಕೇಳಿದ್ದೀರಿ.

ಫ್ರ್ಯಾಕ್ಚರೇ. ಕ್ರ್ಯಾಕ್ ಬೇರೆ, ಫ್ರ್ಯಾಕ್ಚರ್ ಬೇರೆ ಅಂತ ಇಲ್ಲ. ನಾನು ಡಾಕ್ಟರ್ ಅಲ್ಲ, ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಹಾಕುವವನು. ‘ಕ್ರ್ಯಾಕ್ ತಾನೇ’ ಅಂತ ನಾಲ್ಕೇ ದಿನಕ್ಕೆ ಕಾಲೂರಿ ಓಡಾಡಿ, ಮೂಳೆ ಜರುಗಿಸಿಕೊಂಡು ವಾಪಸ್ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಹೆಸರುಗಳು ಬಹಳ ಇವೆ. ಕೂದಲೆಳೆಯಂಥ ಬಿರುಕು, ಅಡ್ಡಕ್ಕೆ ಮುರಿದದ್ದು, ಓರೆಯಾಗಿ ಸೀಳಿದ್ದು, ಪಾದ ಸಿಕ್ಕಿಕೊಂಡು ಮೈ ತಿರುಗಿದಾಗ ಸುರುಳಿಯಾಗಿ ಮುರಿದದ್ದು, ಮೂರು ಚೂರು ಅಥವಾ ಅದಕ್ಕಿಂತ ಜಾಸ್ತಿ ಆದದ್ದು. ಮಕ್ಕಳದ್ದು ಇನ್ನೊಂದು ಥರ. ಹಸಿ ಕಡ್ಡಿ ಬಗ್ಗಿಸಿದರೆ ಒಂದು ಕಡೆ ಸೀಳಿ ಇನ್ನೊಂದು ಕಡೆ ಹಾಗೇ ಅಂಟಿಕೊಂಡಿರುತ್ತದಲ್ಲ, ಹಾಗೆ. ವಯಸ್ಸಾಗಿ ಮೂಳೆ ಸವೆದವರಿಗೆ ಬೀಳದೇ ಇದ್ದರೂ ಬೆನ್ನುಮೂಳೆ ಕುಸಿಯಬಹುದು. ದಿನಾ ಜಾಸ್ತಿ ಓಡುವವರಿಗೆ ಏಟೇ ಬೀಳದೆ ಪಾದದಲ್ಲಿ ಬಿರುಕು ಬರುತ್ತದೆ.

ಆದರೆ ಚಿಕಿತ್ಸೆ ಬರೀ ಹೆಸರಿನ ಮೇಲೆ ನಿಲ್ಲುವುದಿಲ್ಲ. ಮೊದಲು ನೋಡುವುದು ಚರ್ಮ. ಮುರಿತದ ಜಾಗದಲ್ಲಿ ಗಾಯವಾಗಿ ಅದು ಮೂಳೆವರೆಗೆ ಹೋಗಿದ್ದರೆ ಕೀವಾಗುವ ಭಯ. ತಡಮಾಡದೆ ಆ್ಯಂಟಿಬಯೋಟಿಕ್ ಕೊಟ್ಟು, ಗಾಯ ತೊಳೆದು, ಕೆಲವೊಮ್ಮೆ ಕಾಲಿನ ಹೊರಗೇ ಸರಳುಗಳ ಚೌಕಟ್ಟು ಕಟ್ಟುತ್ತಾರೆ. ಚರ್ಮ ಸರಿಯಿದ್ದರೆ ಮುಂದಿನ ಪ್ರಶ್ನೆ: ತುಂಡುಗಳು ಜರುಗಿವೆಯಾ, ಕೂರಿಸಿದರೆ ಕೂತಲ್ಲೇ ನಿಲ್ಲುತ್ತವೆಯಾ? ನಿಂತರೆ ಪ್ಲಾಸ್ಟರ್. ಸುರುಳಿ ಮುರಿತ, ಚೂರುಚೂರಾದದ್ದು ಹಲವು ಸಲ ನಿಲ್ಲುವುದಿಲ್ಲ, ಪ್ಲಾಸ್ಟರ್ ಒಳಗೇ ಜಾರುತ್ತದೆ. ಆಗ ಪ್ಲೇಟು, ಸ್ಕ್ರೂ, ಇಲ್ಲವೇ ಮೂಳೆಯ ಟೊಳ್ಳಿನೊಳಗೆ ರಾಡು. ನಿಮ್ಮ ಗೆಳೆಯನಿಗೆ ಆಗಿರುವುದು ಇದೇ ಇರಬೇಕು. ತಮಾಷೆ ಅಂದರೆ, ರಾಡ್ ಭಾರ ಹೊರುವುದರಿಂದ ನಿಮಗಿಂತ ಮೊದಲು ಅವನೇ ಕಾಲೂರಿದರೂ ಊರಬಹುದು. ಪಕ್ಕೆಲುಬಿಗೆ ಇದ್ಯಾವುದೂ ಸಾಮಾನ್ಯವಾಗಿ ಬೇಡ. ನೋವಿಗೆ ಮಾತ್ರೆ, ಆಳವಾಗಿ ಉಸಿರಾಡುವ ಅಭ್ಯಾಸ, ಅಷ್ಟೇ.

ಪ್ಲಾಸ್ಟರ್ ಹಾಕುವಾಗ ರೋಲನ್ನು ನೀರಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ಮೆಲ್ಲಗೆ ಹಿಂಡಿ ಸುತ್ತುತ್ತೇನೆ. ಐದು ನಿಮಿಷದಲ್ಲಿ ಅದು ಬೆಚ್ಚಗಾಗುತ್ತದೆ, ಜನ ಗಾಬರಿಯಾಗುತ್ತಾರೆ. ಗಟ್ಟಿಯಾಗುವಾಗ ಅದು ಬಿಸಿಯಾಗುವುದೇ ಹಾಗೆ. ಪೂರ್ತಿ ಒಣಗಲು ಮಾತ್ರ ಒಂದೆರಡು ದಿನ ಬೇಕು. ಹೊಸ ಏಟಾದರೆ ಮೊದಲು ಅರ್ಧ ಸುತ್ತಿನ ಸ್ಲ್ಯಾಬ್ ಹಾಕುವುದೇ ಹೆಚ್ಚು, ಊತಕ್ಕೆ ಜಾಗ ಬೇಕಲ್ವಾ. ಮಾತ್ರೆ ತಗೊಂಡರೂ ನೋವು ಏರುತ್ತಲೇ ಇದ್ದರೆ, ಬೆರಳು ಜೋಮು ಹಿಡಿದರೆ, ತಣ್ಣಗಾದರೆ, ಅಥವಾ ಯಾರಾದರೂ ಬೆರಳು ಎತ್ತಿದಾಗ ಕಿರುಚುವಷ್ಟು ನೋವಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಳಗೆ ಒತ್ತಡ ಏರಿ ರಕ್ತ ಓಡಾಟ ನಿಂತರೆ ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸಾಯುತ್ತದೆ.

ಎಷ್ಟು ದಿನ ಬೇಕು ಅಂದರೆ, ಮಣಿಕಟ್ಟಿಗೆ ಸುಮಾರು 6 ವಾರ. ನಿಮ್ಮ ಮೂಳೆಗೆ 3-4 ತಿಂಗಳು ಹಿಡಿಯಬಹುದು. ಬೇಗ ಕೂಡಲಿ ಅಂತಿದ್ದರೆ ಸಿಗರೇಟು ಬಿಡಿ, ಅದು ಮೂಳೆ ಕೂಡುವುದನ್ನು ನಿಧಾನ ಮಾಡುತ್ತದೆ. ಕಡಿತ ಬಂದರೆ ಒಳಗೆ ಕಡ್ಡಿ ತೂರಿಸಬೇಡಿ. ಒಮ್ಮೆ ಪ್ಲಾಸ್ಟರ್ ಬಿಚ್ಚಿದಾಗ ಒಬ್ಬರ ಕಾಲಿನಿಂದ ಪೆನ್ನಿನ ಕ್ಯಾಪ್ ಬಿತ್ತು. ಅದು ಒತ್ತಿದ ಜಾಗದಲ್ಲಿ ಹುಣ್ಣಾಗಿತ್ತು.

ಬಿಚ್ಚುವ ದಿನ ಗರಗಸದ ಸದ್ದಿಗೆ ಹೆದರಬೇಡಿ. ಅದರ ಅಲಗು ಗಿರಗಿರ ತಿರುಗುವುದಿಲ್ಲ, ಅತ್ತಿತ್ತ ಅದುರುತ್ತದೆ ಅಷ್ಟೇ. ಗಟ್ಟಿ ಪ್ಲಾಸ್ಟರ್ ಕೊಯ್ಯುತ್ತದೆ, ಮೆತ್ತಗಿನ ಚರ್ಮ ಅದರ ಜೊತೆಗೇ ಅಲುಗಾಡುತ್ತದೆ. ಬಿಸಿ ತಾಗಿದರೆ ಮಾತ್ರ ತಕ್ಷಣ ಹೇಳಿ, ನಿಲ್ಲಿಸುತ್ತಾರೆ.